ಲೆಕ್ಕದಲ್ಲಿರುವುದು ಲೋಕದಲ್ಲಿದೆಯೆ?



ನಾನು ಈಗ ಆಡುತ್ತಿರುವ ಮಾತು ಈ ಕೊಠಡಿಯ ಗೋಡೆಗಳನ್ನು ದಾಟಿ ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಯನ್ನು ಸೇರುತ್ತಿದೆಯಷ್ಟೆ. ಅದನ್ನು ಹೊತ್ತು ತರುವ ವಾಹನವು ರೇಡಿಯೋ ತರಂಗ. ಈ ತರಂಗವನ್ನು ಮೊದಲು ಯಾರೋ ಕಂಡು, ಆಮೇಲೆ ಅದಕ್ಕೆ ಲೆಕ್ಕ ಕಟ್ಟಿದರೆಂದು ತಿಳಿಯಬೇಡಿ. ಅದು ಮೊದಲು ಹುಟ್ಟಿದ್ದು ಕಾಗದದ ಮೇಲೆ. 1864ರ ಡಿಸೆಂಬರಿನಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಸಂಬಂಧಪಟ್ಟ ನಿಯಮಗಳನ್ನು ಸಮೀಕರಣಗಳ ರೂಪದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇಟ್ಟರು. ಆ ಸಮೀಕರಣಗಳನ್ನು ಬಿಡಿಸಿದರೆ ಒಂದು ಅಲೆ ಬರುತ್ತಿತ್ತು. ಅದರ ವೇಗವು ಬೆಳಕಿನ ವೇಗವಾಗಿತ್ತು. ಹೈನ್ರಿಚ್ ಹರ್ಟ್ಸ್ ಎಂಬುವರು ಅಂತಹ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸಿ ತೋರಿಸಿದ್ದು 1887-88ರಲ್ಲಿ. ಅಷ್ಟು ಹೊತ್ತಿಗೆ ಮ್ಯಾಕ್ಸ್‌ವೆಲ್ ತೀರಿಕೊಂಡು ಎಂಟು ವರ್ಷಗಳು ಕಳೆದಿದ್ದವು.

ಕಥೆ ಇಲ್ಲಿಗೇ ಮುಗಿದಿದ್ದರೆ ಗಣಿತಕ್ಕೆ ಜಯಕಾರ ಹೇಳಿ ನಾನೂ ಮನೆಗೆ ಹೋಗಬಹುದಾಗಿತ್ತು. ಆದರೆ ಅದೇ ಮ್ಯಾಕ್ಸ್‌ವೆಲ್ ಅವರು, ಅಲೆಯೆಂದ ಮೇಲೆ ಅದು ಏಳುವುದಕ್ಕೆ ಒಂದು ಮಾಧ್ಯಮ ಬೇಕಲ್ಲವೆ ಎಂದು, ಆಕಾಶವನ್ನೆಲ್ಲ ತುಂಬಿಕೊಂಡಿರುವ ಈಥರ್ ಎಂಬ ಸೂಕ್ಷ್ಮದ್ರವ್ಯವನ್ನೂ ನಂಬಿದ್ದರು. ಆ ಕಾಲದ ಘನವಿದ್ವಾಂಸರೆಲ್ಲರೂ ನಂಬಿದ್ದರು. ಹರ್ಟ್ಸ್ ಪ್ರಯೋಗವನ್ನು ನಡೆಸುತ್ತಿದ್ದ 1887ನೆಯ ವರ್ಷದಲ್ಲಿಯೇ ಅಮೆರಿಕದಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬುವರು ಈ ಈಥರಿನ ಗಾಳಿಯನ್ನು ಹಿಡಿಯಲು ಹೋಗಿ ಬರಿಗೈಯಲ್ಲಿ ಹಿಂದಿರುಗಿದರು. 1905ರಲ್ಲಿ ಐನ್‌ಸ್ಟೈನ್ ಅವರು ಅದರ ಅಗತ್ಯವೇ ಇಲ್ಲವೆಂದರು. ಹೀಗೆ, ಒಬ್ಬನೇ ಮಹಾನುಭಾವನ ಒಂದೇ ಚಿಂತನೆಯಿಂದ ಹೊರಬಂದ ಎರಡು ವಸ್ತುಗಳಲ್ಲಿ ಒಂದು ಈಗ ನಿಮ್ಮ ಮನೆಯಲ್ಲಿ ಮಾತನಾಡುತ್ತಿದೆ. ಇನ್ನೊಂದು ಎಲ್ಲಿಯೂ ಇಲ್ಲ.

ಆಧುನಿಕ ಭೌತಶಾಸ್ತ್ರದ ಗಣಿತವು ಹೇಳುವ ಸಂಗತಿಗಳು ನಿಜವಾಗಿ ಲೋಕದಲ್ಲಿ ಇರುವುವೆ, ಅಥವಾ ಲೆಕ್ಕ ಮಾಡುವುದಕ್ಕೆ ನಾವು ಕಲ್ಪಿಸಿಕೊಂಡ ಉಪಕರಣಗಳು ಮಾತ್ರವೆ, ಎಂಬುದು ಇಂದಿನ ಭಾಷಣದ ವಿಷಯ. ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಸ್ವಂತದ ಒಂದು ಕಾರಣವುಂಟು. ಅದನ್ನು ಮುಚ್ಚಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ಕೃಷ್ಣರಂಧ್ರಗಳ ಗಣಿತವನ್ನು ಹೇಳಿಕೊಡುತ್ತಿದ್ದೆನು. ಹಲಗೆ ತುಂಬ ಸಮೀಕರಣಗಳು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಹಾಸನದ ಕಡೆಯ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಲೆಕ್ಕ ತಿಳಿಯಿತು. ಆದರೆ ಇದು ನಿಜವಾಗಿ ಇದೆಯೆ?” ಎಂದು ಕೇಳಿದನು. ಗಂಟೆ ಹೊಡೆಯುವ ಹೊತ್ತು, ನನಗೆ ಆತುರ. “ಅಯ್ಯಾ, ನಿಜವೆಂಬುದು ವೇದಾಂತಿಗಳ ಮಾತು. ಸಮೀಕರಣವು ಸರಿಯಾದ ಉತ್ತರ ಕೊಟ್ಟರೆ ನಮಗೆ ಅಷ್ಟು ಸಾಕು” ಎಂದುಬಿಟ್ಟೆನು. ತರಗತಿ ನಕ್ಕಿತು, ಹುಡುಗನು ಕುಳಿತನು. ಮುಂದಿನ ವರ್ಷ ಅವನು ಭೌತಶಾಸ್ತ್ರವನ್ನು ಬಿಟ್ಟು ಲೆಕ್ಕಪತ್ರದ ಪರೀಕ್ಷೆಗೆ ಕಟ್ಟಿದನೆಂದು ತಿಳಿಯಿತು. ದಾರಿಯಲ್ಲಿ ಸಿಕ್ಕಿದಾಗ ಏಕಪ್ಪ ಎಂದು ವಿಚಾರಿಸಿದೆನು. “ಅಲ್ಲಿ ಪುಸ್ತಕದಲ್ಲಿ ಬರೆದಿರುವ ಹಣ ಪೆಟ್ಟಿಗೆಯಲ್ಲಿ ಇದೆಯೋ ಇಲ್ಲವೋ ಎಂದು ಒಮ್ಮೆ ತೆರೆದಾದರೂ ನೋಡುತ್ತಾರೆ ಸಾರ್” ಎಂದನು. ವಿನಯದಿಂದಲೇ ಹೇಳಿದನು. ಆದರೂ ಆ ಮಾತು ನನ್ನಲ್ಲಿ ನಾಟಿಕೊಂಡಿದೆ. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಕೊಡಲು ಪ್ರಯತ್ನಿಸುವೆನು.

ಮೊದಲು ಒಂದು ಬಾಲಪಾಠ. ಒಂದು ತೋಟದ ಉದ್ದವು ಅಗಲಕ್ಕಿಂತ 10 ಗಜ ಹೆಚ್ಚು. ವಿಸ್ತೀರ್ಣವು 600 ಚದರ ಗಜ. ಅಗಲವೆಷ್ಟು? ಬೀಜಗಣಿತದ ಪ್ರಕಾರ ಬಿಡಿಸಿದರೆ ಎರಡು ಉತ್ತರಗಳು ಬರುವುವು: ಒಂದು 20 ಗಜ, ಇನ್ನೊಂದು ಋಣ 30 ಗಜ. ಋಣ 30 ಗಜ ಅಗಲದ ತೋಟಕ್ಕೆ ಬೇಲಿ ಕಟ್ಟಿದವರನ್ನು ನಾವು ಕಂಡಿಲ್ಲ. ಆದುದರಿಂದ ಶಾಲೆಯ ಹುಡುಗನು ಅದನ್ನು ಹೊಡೆದುಹಾಕುವನು, ಮೇಷ್ಟ್ರು ಪೂರ್ತಿ ಅಂಕ ಕೊಡುವರು. ಗಮನಿಸಿ: ಗಣಿತದ ದೃಷ್ಟಿಯಲ್ಲಿ ಎರಡೂ ಸಮವಾಗಿ ಶುದ್ಧವಾದ ಉತ್ತರಗಳು. ಒಂದನ್ನು ಇಟ್ಟುಕೊಂಡು ಮತ್ತೊಂದನ್ನು ಬಿಡಬೇಕೆಂಬ ಆಜ್ಞೆ ಬಂದದ್ದು ಗಣಿತದಿಂದಲ್ಲ, ತೋಟದಿಂದ.

1928ರಲ್ಲಿ ಕೇಂಬ್ರಿಡ್ಜಿನ ಪಾಲ್ ಡಿರಾಕ್ ಎಂಬ ಮಿತಭಾಷಿಗಳು ಎಲೆಕ್ಟ್ರಾನಿಗೆ ಒಂದು ಸಮೀಕರಣವನ್ನು ಬರೆದರು. ಅದರಲ್ಲಿಯೂ ಇಂತಹುದೇ ಎರಡನೆಯ ಉತ್ತರವೊಂದು ತಲೆಹಾಕಿತು, ಶಕ್ತಿಯು ಋಣವಾಗಿರುವ ಎಲೆಕ್ಟ್ರಾನ್. ಶಾಲೆಯ ಹುಡುಗನ ಹಾಗೆ ಹೊಡೆದುಹಾಕೋಣವೆಂದರೆ ಈ ಸಮೀಕರಣದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಒಂದನ್ನು ಕಿತ್ತರೆ ಇನ್ನೊಂದೂ ಕೆಡುತ್ತಿತ್ತು. ಡಿರಾಕರು 1930ರಲ್ಲಿ, ಇದು ನಮಗೆ ಗೊತ್ತಿರುವ ಪ್ರೋಟಾನೇ ಇರಬಹುದೆಂದು ಊಹಿಸಿದರು. ಅದು ತಪ್ಪೆಂದು ಕಂಡುಬಂದ ಮೇಲೆ 1931ರಲ್ಲಿ, ಎಲೆಕ್ಟ್ರಾನಿನಷ್ಟೇ ತೂಗುವ, ಧನ ವಿದ್ಯುತ್ತುಳ್ಳ ಹೊಸ ಕಣವೊಂದು ಇರಬೇಕೆಂದರು. ಮರುವರ್ಷವೇ ಕ್ಯಾಲಿಫೋರ್ನಿಯದಲ್ಲಿ ಕಾರ್ಲ್ ಆಂಡರ್ಸನ್ ಎಂಬ ತರುಣನ ಛಾಯಾಚಿತ್ರದ ಫಲಕದ ಮೇಲೆ ಅದರ ಜಾಡು ಮೂಡಿತು. ಪಾಸಿಟ್ರಾನ್ ಎಂಬ ಆ ಕಣವನ್ನು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ರೋಗನಿದಾನಕ್ಕೆ ಉಪಯೋಗಿಸುವರು. ಒಂದು ಕಡೆ ಎರಡನೆಯ ಉತ್ತರವನ್ನು ಬಿಟ್ಟದ್ದು ಸರಿ. ಇನ್ನೊಂದು ಕಡೆ ಬಿಟ್ಟಿದ್ದರೆ ನಷ್ಟ.

ಹಾಗಾದರೆ ನಂಬುವುದೇ ಲೇಸೆ? ಅದಕ್ಕೂ ಒಂದು ಎಚ್ಚರಿಕೆಯ ಕಥೆಯುಂಟು. ಪ್ಯಾರಿಸಿನ ಲವೆರಿಯೆ ಎಂಬ ಖಗೋಳಶಾಸ್ತ್ರಜ್ಞರು ಯುರೇನಸ್ ಗ್ರಹವು ಲೆಕ್ಕ ತಪ್ಪಿ ನಡೆಯುವುದನ್ನು ಕಂಡು, ಕಾಣದ ಮತ್ತೊಂದು ಗ್ರಹ ಅದನ್ನು ಎಳೆಯುತ್ತಿರಬೇಕೆಂದು ಗಣಿಸಿ, ಅದರ ಸ್ಥಾನವನ್ನು ಬರ್ಲಿನ್ನಿಗೆ ಬರೆದು ಕಳುಹಿಸಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿಯ ಗಾಲೆ ಎಂಬುವರು ದೂರದರ್ಶಕವನ್ನು ಆ ಕಡೆಗೆ ತಿರುಗಿಸಿದರು. ಹೇಳಿದ ಸ್ಥಳದಿಂದ ಒಂದು ಅಂಶದಷ್ಟು ದೂರದೊಳಗೆ ನೆಪ್ಚೂನ್ ಇತ್ತು. ಇದೇ ಲವೆರಿಯೆ 1859ರಲ್ಲಿ ಬುಧಗ್ರಹದ ಕಕ್ಷೆಯಲ್ಲಿಯೂ ಅಲ್ಪವಾದ ಒಂದು ವ್ಯತ್ಯಾಸವನ್ನು ಕಂಡರು. ಇಂದಿನ ಎಣಿಕೆಯಂತೆ ಅದು ನೂರು ವರ್ಷಕ್ಕೆ 43 ವಿಕಲೆ ಮಾತ್ರ. ಒಂದು ಅಂಶಕ್ಕೆ 3600 ವಿಕಲೆಗಳು. ಅವರು ಹಿಂದಿನ ದಾರಿಯಲ್ಲಿಯೇ ನಡೆದು, ಸೂರ್ಯನಿಗೂ ಬುಧನಿಗೂ ನಡುವೆ ಇನ್ನೊಂದು ಗ್ರಹವುಂಟೆಂದರು. ಅದಕ್ಕೆ ವಲ್ಕನ್ ಎಂಬ ನಾಮಕರಣವೂ ಆಯಿತು. ಕಂಡೆವೆಂದು ಹೇಳಿದವರೂ ಬಂದರು! ಗ್ರಹಣಕಾಲಗಳಲ್ಲಿ ವರ್ಷಾನುಗಟ್ಟಲೆ ಹುಡುಕಿದರು. ವಲ್ಕನ್ ಇರಲಿಲ್ಲ. ಅದೇ ಮನುಷ್ಯ, ಅದೇ ಗಣಿತ, ಅದೇ ಜಾಣ್ಮೆ. ಒಂದು ಬಾರಿ ಗ್ರಹ ಸಿಕ್ಕಿತು, ಮತ್ತೊಂದು ಬಾರಿ ಶೂನ್ಯ.

ಆ 43 ವಿಕಲೆಗಳ ಸಾಲವನ್ನು ತೀರಿಸಿದವರು ಐನ್‌ಸ್ಟೈನ್, 1915ರ ನವೆಂಬರಿನಲ್ಲಿ. ಹೊಸ ಗ್ರಹವನ್ನು ತಂದು ಅಲ್ಲ. ಗುರುತ್ವಾಕರ್ಷಣೆಯ ನಿಯಮವನ್ನೇ ಬದಲಾಯಿಸಿ. ಭಾರವುಳ್ಳ ವಸ್ತುವು ತನ್ನ ಸುತ್ತಲಿನ ದೇಶವನ್ನೂ ಕಾಲವನ್ನೂ ಬಾಗಿಸುವುದು, ಗ್ರಹಗಳು ಆ ಬಾಗನ್ನು ಅನುಸರಿಸಿ ಚಲಿಸುವುವು, ಎಂಬುದು ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಾರ. ನಮ್ಮ ಪ್ರಶ್ನೆಗೆ ಈ ಸಿದ್ಧಾಂತಕ್ಕಿಂತ ಒಳ್ಳೆಯ ಉದಾಹರಣೆ ಇನ್ನೊಂದಿಲ್ಲವಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಆ ಸಮೀಕರಣಗಳಿಗೆ ಮೊಟ್ಟಮೊದಲು ನಿಖರವಾದ ಉತ್ತರವನ್ನು ಕಂಡವರು ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್. ಜರ್ಮನಿಯ ಖಗೋಳಶಾಸ್ತ್ರಜ್ಞರು, ಮಹಾಯುದ್ಧದ ಸೈನ್ಯಸೇವೆಯಲ್ಲಿದ್ದುಕೊಂಡೇ, ಐನ್‌ಸ್ಟೈನರ ಪ್ರಬಂಧ ಹೊರಬಿದ್ದ ಕೆಲವೇ ವಾರಗಳಲ್ಲಿ ಲೆಕ್ಕವನ್ನು ಬಿಡಿಸಿ ಅವರಿಗೆ ಕಳುಹಿಸಿದರು. 1916ರ ಮೇ ತಿಂಗಳಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಆಗ ಅವರ ವಯಸ್ಸು 42. ಈಗಿನ ನನಗಿಂತ ಚಿಕ್ಕವರು. ಗುಂಡಾದ ಒಂದು ನಕ್ಷತ್ರದ ಸುತ್ತ ದೇಶಕಾಲಗಳು ಹೇಗೆ ಬಾಗುವುವು ಎಂಬುದನ್ನು ಅವರ ಉತ್ತರವು ಹೇಳುವುದು. ಸೂರ್ಯನಿಂದ ದೂರದಲ್ಲಿ ಎಲ್ಲವೂ ಸುಖವಾಗಿದೆ. ಬುಧನೂ ಭೂಮಿಯೂ ಕ್ರಮವಾಗಿ ನಡೆಯುವುವು. ಆದರೆ ಆ ಸೂತ್ರದಲ್ಲಿ ಒಂದು ವಿಶೇಷ ದೂರವುಂಟು. ಸೂರ್ಯನಷ್ಟು ದ್ರವ್ಯಕ್ಕೆ ಅದು ಸುಮಾರು 3 ಕಿಲೋಮೀಟರು. ಭೂಮಿಗಾದರೋ 9 ಮಿಲಿಮೀಟರು. ಎಂದರೆ, ಬೆಟ್ಟ ಸಮುದ್ರಗಳೊಡನೆ ಭೂಮಿಯನ್ನೆಲ್ಲ ಮಕ್ಕಳು ಆಡುವ ಗೋಲಿಯಷ್ಟಕ್ಕೆ ಹಿಂಡಿದಾಗ ಬರುವ ಗಾತ್ರ. ಅಷ್ಟು ಸಮೀಪಕ್ಕೆ ಹೋದರೆ ಸೂತ್ರದಲ್ಲಿ ಒಂದು ಛೇದವು ಸೊನ್ನೆಯಾಗುವುದು. ಸೊನ್ನೆಯಿಂದ ಭಾಗಿಸಿದರೆ ಏನಾಗುವುದೆಂದು ನಿಮಗೆ ತಿಳಿದೇ ಇದೆ. ಲೆಕ್ಕ ಮುರಿದುಬೀಳುವುದು.

ಈ ಮುರುಕಿಗೆ ಅರ್ಥವೇನು? ಬಹುಕಾಲ ವಿದ್ವಾಂಸರು ಹೇಳಿದ್ದು, ಏನೂ ಇಲ್ಲ ಎಂದು. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರು. ಅದನ್ನು 3 ಕಿಲೋಮೀಟರಿಗೆ ಹಿಂಡುವವರು ಯಾರು? ಇದು ಋಣ 30 ಗಜದ ತೋಟ, ಹೊಡೆದುಹಾಕಿ, ಎಂದರು.

ಹೊಡೆದುಹಾಕಲು ಬಿಡದಿದ್ದವರಲ್ಲಿ ನಮ್ಮ ದೇಶದ ತರುಣನೊಬ್ಬನಿದ್ದನು. ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಒಂದು ಲೆಕ್ಕ ಹಾಕಿದನು. ಉರಿದು ಮುಗಿದ ನಕ್ಷತ್ರವು ತನ್ನ ಭಾರವನ್ನು ತಾನೇ ತಾಳಿಕೊಂಡು ಕುಬ್ಜತಾರೆಯಾಗಿ ನಿಲ್ಲಬೇಕಾದರೆ ಅದರ ದ್ರವ್ಯಕ್ಕೆ ಒಂದು ಮಿತಿಯುಂಟು. ಅದು ಸೂರ್ಯನ ಸುಮಾರು 1.4ರಷ್ಟು. ಅದಕ್ಕೆ ಮೀರಿದ್ದು ಹಾಗೆ ನಿಲ್ಲಲಾರದು, ಕುಸಿಯುತ್ತ ಹೋಗುವುದು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಚಂದ್ರಶೇಖರರು ಇದನ್ನು ವಿವರಿಸಿ ಕುಳಿತ ಮೇಲೆ, ಆ ಕಾಲದ ಖಗೋಳಶಾಸ್ತ್ರದ ಸಾರ್ವಭೌಮರಾದ ಆರ್ಥರ್ ಎಡಿಂಗ್ಟನ್ ಎದ್ದು, ನಕ್ಷತ್ರವು ಇಂತಹ ಅಸಂಬದ್ಧ ನಡತೆಗೆ ಇಳಿಯದಂತೆ ತಡೆಯುವ ಪ್ರಕೃತಿನಿಯಮವೊಂದು ಇದ್ದೇ ಇರಬೇಕೆಂದು ಹಾಸ್ಯಮಾಡಿದರು. ಸಭೆಯು ನಕ್ಕಿತು. (ನನ್ನ ತರಗತಿ ನಕ್ಕದ್ದು ನನಗೆ ಇಲ್ಲಿ ನೆನಪಾಗದೆ ಇರದು.) ಎಡಿಂಗ್ಟನ್ನರು ಚಂದ್ರಶೇಖರರ ಗಣಿತದಲ್ಲಿ ತಪ್ಪು ತೋರಿಸಿ ಗೆಲ್ಲಲಿಲ್ಲ, ಆ ಗಣಿತವನ್ನು ಎಲ್ಲಿಗೆ ಕೊಂಡೊಯ್ದರೆ ಏನು ಬರುವುದೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಕಂಡಿದ್ದರು. ಕಂಡದ್ದು ಅವರಿಗೆ ರುಚಿಸಲಿಲ್ಲ, ಅಷ್ಟೆ. ಚಂದ್ರಶೇಖರರಿಗೆ ನೊಬೆಲ್ ಪಾರಿತೋಷಕ ಬಂದದ್ದು 1983ರಲ್ಲಿ.

ಐನ್‌ಸ್ಟೈನರೂ ಇದಕ್ಕೆ ಹೊರತಲ್ಲ. 1939ರಲ್ಲಿ ಅವರು ಬರೆದ ಒಂದು ಪ್ರಬಂಧದ ನಿರ್ಣಯವೇ, ಶ್ವಾರ್ಟ್ಸ್‌ಚೈಲ್ಡರ ಆ ವಿಚಿತ್ರ ಸ್ಥಿತಿಯು ಭೌತಿಕ ಸತ್ಯದಲ್ಲಿ ಇರಲಾರದು ಎಂಬುದು. ಅದೇ ವರ್ಷ ಓಪನ್‌ಹೈಮರ್ ಮತ್ತು ಸ್ನೈಡರ್ ಎಂಬ ಇಬ್ಬರು, ಐನ್‌ಸ್ಟೈನರ ಸಮೀಕರಣಗಳಿಂದಲೇ ಹೊರಟು, ಕುಸಿಯುವ ನಕ್ಷತ್ರವು ಆ ಗಡಿಯೊಳಕ್ಕೆ ಹೇಗೆ ಇಳಿದು ಮರೆಯಾಗುವುದೆಂಬುದನ್ನು ತೋರಿಸಿಕೊಟ್ಟರು. ಅಲ್ಲಿಗೂ ನಿಲ್ಲಲಿಲ್ಲ. ಗುರುತ್ವದ ಅಲೆಗಳಿರಬೇಕೆಂದು 1916ರಲ್ಲಿ ತಾವೇ ಹೇಳಿದ್ದ ಐನ್‌ಸ್ಟೈನ್, 1936ರಲ್ಲಿ ರೋಸನ್ ಎಂಬ ಸಹಾಯಕರೊಡನೆ ಅವು ಇಲ್ಲವೆಂದು ಸಾಧಿಸುವ ಪ್ರಬಂಧವನ್ನು ಅಮೆರಿಕದ ಒಂದು ಪತ್ರಿಕೆಗೆ ಕಳುಹಿಸಿದರು. ಪರಿಶೀಲಕರು ತಪ್ಪನ್ನು ಎತ್ತಿ ತೋರಿಸಿದಾಗ ಕೋಪಗೊಂಡು ಪ್ರಬಂಧವನ್ನು ಹಿಂದಕ್ಕೆ ಪಡೆದರು; ಆಮೇಲೆ ತಪ್ಪು ಮನವರಿಕೆಯಾಗಿ, ತಿದ್ದಿ, 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು. ಹೆತ್ತ ತಂದೆಯೇ ತನ್ನ ಸಮೀಕರಣದ ಇಬ್ಬರು ಮಕ್ಕಳನ್ನೂ ಗುರುತಿಸದೆ ಹೋದನೆಂದರೆ, ಈ ಕೆಲಸ ಎಷ್ಟು ಕಷ್ಟವೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಕಷ್ಟವೆಲ್ಲಿತ್ತು? ನಿಮ್ಮ ಮಕ್ಕಳ ಶಾಲೆಯ ಗೋಡೆಯ ಮೇಲೆ ತೂಗುಹಾಕಿರುವ ಪ್ರಪಂಚದ ಭೂಪಟವನ್ನು ಸ್ಮರಿಸಿಕೊಳ್ಳಿ. ಗುಂಡಾದ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ಹರಡಿರುವುದರಿಂದ ಗ್ರೀನ್‌ಲೆಂಡ್ ಆಫ್ರಿಕದಷ್ಟು ದೊಡ್ಡದಾಗಿ ಕಾಣುವುದು. ಧ್ರುವದ ಕಡೆಗೆ ಹೋದ ಹಾಗೆಲ್ಲ ನೆಲವು ಹಿಗ್ಗುತ್ತ ಹೋಗಿ, ಧ್ರುವಬಿಂದುವನ್ನು ಗುರುತಿಸುವುದೇ ಆಗುವುದಿಲ್ಲ. ಆ ಭೂಪಟವೊಂದನ್ನೇ ನೋಡಿ ಬೆಳೆದವನು, ಧ್ರುವದಲ್ಲಿ ಭೂಮಿಯು ಹರಿದುಹೋಗಿದೆ ಎಂದುಕೊಂಡಾನು. ಗೋಳವನ್ನು ತಂದು ಕೈಗೆ ಕೊಟ್ಟರೆ, ಹರಿದದ್ದು ಭೂಮಿಯಲ್ಲ, ಭೂಪಟ ಎಂದು ತಿಳಿಯುವುದು. ಶ್ವಾರ್ಟ್ಸ್‌ಚೈಲ್ಡರ ಆ 3 ಕಿಲೋಮೀಟರಿನ ಮುರುಕು ಸಹ ಇಂತಹುದೇ. ದೇಶಕಾಲಗಳನ್ನು ಅಳೆಯಲು ನಾವು ಎಳೆದುಕೊಂಡ ರೇಖೆಗಳ ದೋಷವೇ ಹೊರತು ದೇಶಕಾಲಗಳ ದೋಷವಲ್ಲ. ಬೇರೆ ರೇಖೆಗಳನ್ನು ಎಳೆದರೆ ಮುರುಕು ಮಾಯವಾಗುವುದು. ಬೆಲ್ಜಿಯಂ ದೇಶದ ಪಾದ್ರಿ ಲೆಮೈತ್ರ್ ಇದನ್ನು 1933ರಲ್ಲಿಯೇ ಹೇಳಿದ್ದರು. ಎಲ್ಲರಿಗೂ ಮನದಟ್ಟಾದದ್ದು 1958ರಲ್ಲಿ ಫಿಂಕಲ್‌ಸ್ಟೈನ್ ಎಂಬುವರು ವಿವರಿಸಿದ ಮೇಲೆ. ತಮಾಷೆಯೆಂದರೆ, ಫಿಂಕಲ್‌ಸ್ಟೈನರು ಉಪಯೋಗಿಸಿದಂತಹ ರೇಖೆಗಳನ್ನು ಎಡಿಂಗ್ಟನ್ನರೇ 1924ರಲ್ಲಿ ಬರೆದಿದ್ದರು. ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಬಾಗಿಲು ಇಲ್ಲವೆಂದರು.

ಮುರುಕು ಮಾಯವಾದರೂ ಆ ದೂರವು ಮಾತ್ರ ಅರ್ಥವಿಲ್ಲದ್ದಾಗಲಿಲ್ಲ. ಯಾವ ರೇಖೆಗಳನ್ನು ಎಳೆದರೂ ಅಳಿಯದ ಒಂದು ಗುಣ ಅಲ್ಲಿ ಉಳಿಯಿತು: ಆ ಗಡಿಯನ್ನು ಒಳಮುಖವಾಗಿ ದಾಟಬಹುದು, ಹೊರಮುಖವಾಗಿ ಬೆಳಕು ಕೂಡ ದಾಟಲಾರದು. ಇದಕ್ಕೆ ಕ್ಷಿತಿಜವೆಂದು ಹೆಸರು. ಅದು ಸುತ್ತುವರಿದದ್ದೇ ಕೃಷ್ಣರಂಧ್ರ, ಇಂಗ್ಲಿಷಿನಲ್ಲಿ ಬ್ಲ್ಯಾಕ್ ಹೋಲ್ ಎನ್ನುವುದು. ನನ್ನ ವಿದ್ಯಾರ್ಥಿಗೆ ಹೇಳಬೇಕಾಗಿದ್ದ ಮಾತಿನ ಮೊದಲ ಅರ್ಧ ಇದು. ಸಮೀಕರಣದ ಪ್ರತಿಯೊಂದು ಚಿಹ್ನೆಯೂ ಲೋಕದ ವಸ್ತುವಲ್ಲ. ಕೆಲವು ಭೂಪಟದ ಮಡಿಕೆಗಳು. ಕೆಲವು ಮಾತ್ರ ನದಿ, ಬೆಟ್ಟ. ಬರವಣಿಗೆಯ ರೀತಿಯನ್ನು ಬದಲಾಯಿಸಿದಾಗ ಯಾವುದು ಅಳಿದುಹೋಗುವುದೋ ಅದು ಮಡಿಕೆ.

ಆದರೆ ಅಳಿಯದೆ ಉಳಿದ ಮಾತ್ರಕ್ಕೆ ಅದು ಇದೆಯೆಂದು ಆಗಲಿಲ್ಲ. ಪೆಟ್ಟಿಗೆಯನ್ನು ತೆರೆದು ನೋಡಬೇಕಷ್ಟೆ! ಬೆಳಕನ್ನೂ ಹೊರಗೆ ಬಿಡದ ವಸ್ತುವನ್ನು ನೋಡುವುದು ಹೇಗೆ? ಇಲ್ಲಿ ನಮ್ಮವರೊಬ್ಬರ ಹೆಸರನ್ನು ಹೇಳುವ ಸಂತೋಷ ನನ್ನದು. ಕನ್ನಡ ಸಾಹಿತಿಗಳಾದ ಸಿ. ಕೆ. ವೆಂಕಟರಾಮಯ್ಯನವರ ಪುತ್ರರೂ, ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಆಗಿದ್ದ ಸಿ. ವಿ. ವಿಶ್ವೇಶ್ವರ ಅವರು ಅಮೆರಿಕಕ್ಕೆ ಹೋಗಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕತ್ತಲೆಯ ಕೋಣೆಯಲ್ಲಿರುವ ಪಾತ್ರೆ ಹಿತ್ತಾಳೆಯದೋ ಮಣ್ಣಿನದೋ ಎಂದು ತಿಳಿಯಲು ನಾವು ಏನು ಮಾಡುವೆವು? ಬೆರಳಿನಿಂದ ತಟ್ಟಿ ಸದ್ದು ಕೇಳುವೆವು. ವಿಶ್ವೇಶ್ವರರು ಕೃಷ್ಣರಂಧ್ರದ ಮೇಲೆ ಗುರುತ್ವದ ಅಲೆಯೊಂದನ್ನು ಗಣಿತದಲ್ಲಿಯೇ ಹಾಯಿಸಿ, ಹಿಂದಕ್ಕೆ ಬರುವುದೇನೆಂದು ನೋಡಿದರು. ಸಾಕಷ್ಟು ಚಿಕ್ಕದಾದ ಅಲೆಯಿಂದ ತಟ್ಟಿದರೆ, ತಟ್ಟಿದ ಬಗೆ ಹೇಗೇ ಇರಲಿ, ಹಿಂದಿರುಗುವ ಅಲೆಯ ಕೊನೆಯಲ್ಲಿ ಒಂದೇ ಬಗೆಯ ನಾದ, ಬಾರಿಸಿದ ಘಂಟೆಯು ಕ್ಷೀಣಿಸುತ್ತ ನಿಲ್ಲುವ ಹಾಗೆ. ಆ ನಾದದ ಶ್ರುತಿಯೂ ಅದು ಅಡಗುವ ಬಗೆಯೂ ರಂಧ್ರದ ಗುಣಗಳನ್ನು ಮಾತ್ರ ಅವಲಂಬಿಸಿದ್ದವು. ಇದು ಅಚ್ಚಾದದ್ದು 1970ರಲ್ಲಿ. ಆಗ ಗುರುತ್ವದ ಅಲೆಯನ್ನು ಜಗತ್ತಿನಲ್ಲಿ ಯಾರೂ ಹಿಡಿದಿರಲಿಲ್ಲ. ಕೃಷ್ಣರಂಧ್ರವನ್ನು ಯಾರೂ ಕಂಡಿರಲಿಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಕಡೆಗಳಲ್ಲಿ, ನಾಲ್ಕು ನಾಲ್ಕು ಕಿಲೋಮೀಟರು ಉದ್ದದ ತೋಳುಗಳುಳ್ಳ ಲೈಗೋ ಯಂತ್ರಗಳು ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ನಡುಗಿದವು. ನಡುಕವೆಂದರೆ ಪ್ರೋಟಾನಿನ ಅಡ್ಡಳತೆಯ ಸಾವಿರದಲ್ಲಿ ಒಂದು ಪಾಲಿನಂತಹುದು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ 36ರಷ್ಟು ಮತ್ತು 29ರಷ್ಟು ದ್ರವ್ಯವುಳ್ಳ ಎರಡು ಕೃಷ್ಣರಂಧ್ರಗಳು ಒಂದನ್ನೊಂದು ಸುತ್ತಿ ಬೆರೆತು ಒಂದಾದುದರ ಸದ್ದು ಅದು. ಬೆರೆತ ರಂಧ್ರವು 62 ಸೂರ್ಯರಷ್ಟು. ಲೆಕ್ಕದಲ್ಲಿ ಕಡಮೆ ಬಿದ್ದ ಮೂರು ಸೂರ್ಯರಷ್ಟು ದ್ರವ್ಯವು ಅಲೆಗಳಾಗಿ ಹೊರಬಿದ್ದಿತ್ತು. ಸದ್ದಿನ ಕೊನೆಯಲ್ಲಿ ಅಡಗುತ್ತಿರುವ ಘಂಟಾನಾದ. ಅಂದು ಅದು ಮಂದವಾಗಿ ಕೇಳಿತು. 2025ರ ಜನವರಿ 14ರಂದು ಬಂದ ಇನ್ನೊಂದು ಅಲೆಯಲ್ಲಿ ಬಹಳ ಸ್ಪಷ್ಟವಾಗಿ ಕೇಳಿತು. ವಿಶ್ವೇಶ್ವರರು 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಮೊದಲನೆಯ ಸದ್ದಿನ ಸುದ್ದಿ 2016ರ ಫೆಬ್ರವರಿಯಲ್ಲಿ ಪ್ರಕಟವಾದಾಗ ಅವರು ನಮ್ಮೊಡನಿದ್ದರು ಎಂಬುದೊಂದು ಸಮಾಧಾನ. 2019ರ ಏಪ್ರಿಲಿನಲ್ಲಿ, ಎಂ 87 ಎಂಬ ನಕ್ಷತ್ರಮಂಡಲದ ನಡುವೆ ಇರುವ 650 ಕೋಟಿ ಸೂರ್ಯರಷ್ಟು ಭಾರದ ರಂಧ್ರದ ನೆರಳನ್ನೇ ಚಿತ್ರವಾಗಿ ತೋರಿಸಿದರು. ವೃತ್ತಪತ್ರಿಕೆಗಳಲ್ಲಿ ನೀವೂ ನೋಡಿರಬಹುದು.

ಇಷ್ಟು ಕೇಳಿದ ಮೇಲೆ, ಆ ಗಣಿತವೆಲ್ಲ ನಿಜವೆಂದಾಯಿತಲ್ಲ ಎಂದು ನೀವು ಹೇಳಬಹುದು. ಹಾಗೆ ಹೇಳದಂತೆ ತಡೆಯುವುದಕ್ಕಾಗಿಯೇ ಇಷ್ಟು ದೂರ ಬಂದೆನು. ಶ್ವಾರ್ಟ್ಸ್‌ಚೈಲ್ಡರ ಅದೇ ಉತ್ತರವನ್ನು ಕೊನೆಯವರೆಗೆ ಬಿಡಿಸಿದರೆ ಕೃಷ್ಣರಂಧ್ರದ ಜತೆಗೆ ಶ್ವೇತರಂಧ್ರವೊಂದು ಬರುವುದು. ಅದರೊಳಗಿನಿಂದ ಎಲ್ಲವೂ ಹೊರಗೆ ಬರುವುದು, ಒಳಗೆ ಏನೂ ಹೋಗಲಾರದು. ಇನ್ನೊಂದು ಜಗತ್ತು ಬರುವುದು. ಎರಡಕ್ಕೂ ನಡುವೆ 1935ರಲ್ಲಿ ಐನ್‌ಸ್ಟೈನ್ ಮತ್ತು ರೋಸನ್ ಕಂಡ ಸೇತುವೆಯೂ ಬರುವುದು. ಇವು ಯಾವುವೂ ಮಡಿಕೆಗಳಲ್ಲ. ಯಾವ ರೇಖೆಗಳನ್ನು ಎಳೆದರೂ ಉಳಿಯುವುವು. ಆದರೂ ನಾವು ಇವನ್ನು ನಂಬುವುದಿಲ್ಲ. ಕಾರಣವಿಷ್ಟೆ: ಆ ಪೂರ್ಣ ಉತ್ತರವು ಅನಾದಿಕಾಲದಿಂದ ಇರುವ ರಂಧ್ರಕ್ಕೆ ಸೇರಿದ್ದು. ಆಕಾಶದ ರಂಧ್ರಗಳಾದರೋ ನಕ್ಷತ್ರಗಳು ಕುಸಿದು ಹುಟ್ಟಿದವು. ಶ್ವೇತರಂಧ್ರವೂ ಸೇತುವೆಯೂ ಇರಬೇಕಾದ ಜಾಗದಲ್ಲಿ ಆ ನಕ್ಷತ್ರದ ದ್ರವ್ಯವೇ ತುಂಬಿತ್ತು. ಚಲನಚಿತ್ರಗಳನ್ನು ನೋಡಿ ಸೇತುವೆಯ ಮೇಲೆ ಪ್ರಯಾಣ ಹೊರಡಬೇಕೆಂದಿರುವ ತರುಣರು ನನ್ನನ್ನು ಮನ್ನಿಸಬೇಕು.

ಒಂದೇ ಸಮೀಕರಣ, ಒಂದೇ ಉತ್ತರ. ಅದರಲ್ಲಿ ಒಂದು ಅಂಶ ಬರವಣಿಗೆಯ ದೋಷ, ಒಂದು ಅಂಶ ಆಕಾಶದಲ್ಲಿ ಘಂಟೆಯಾಗಿ ಬಾರಿಸಿದ ವಸ್ತು, ಒಂದು ಅಂಶ ಆಧಾರವಿಲ್ಲದ ಕಲ್ಪನೆ. “ಈ ಸಿದ್ಧಾಂತವು ನಿಜವೆ?” ಎಂಬ ಪ್ರಶ್ನೆಯೇ ತೀರ ದಪ್ಪನಾದದ್ದೆಂದು ನನಗೆ ತೋರುವುದು. ಸಾಕ್ಷಿಯನ್ನು ಕೇಳುವಾಗ ಸಾಕ್ಷಿದಾರನನ್ನು ಇಡಿಯಾಗಿ ನಂಬಬೇಕೆ ಬಿಡಬೇಕೆ ಎಂದು ಒಳ್ಳೆಯ ನ್ಯಾಯಾಧೀಶರು ಕೇಳುವುದಿಲ್ಲ. ಅವನು ಹೇಳಿದ ಒಂದೊಂದು ಸಂಗತಿಯನ್ನೂ ಬೇರೆ ಬೇರೆಯಾಗಿ ತೂಗುವರು.

ಈ ತೂಕಕ್ಕೆ ಇನ್ನೂ ಸಿಕ್ಕದಿರುವ ಸಂಗತಿಗಳೂ ಬಹಳ. ಅಣುಪ್ರಪಂಚದ ಲೆಕ್ಕಕ್ಕೆಲ್ಲ ಆಧಾರವಾಗಿರುವ ತರಂಗಫಲನವೆಂಬ ಒಂದು ರಾಶಿಯುಂಟು. 1926ರಲ್ಲಿ ಶ್ರೋಡಿಂಗರ್ ಅದನ್ನು ತಂದರು. ಅದು ಸಂಭವದ ಅಳತೆಯೆಂದು ಅದೇ ವರ್ಷ ಹೇಳಿದವರು ಮ್ಯಾಕ್ಸ್ ಬಾರ್ನ್. ಈ ಬಾರ್ನರು ಹಿಟ್ಲರನ ಜರ್ಮನಿಯನ್ನು ಬಿಟ್ಟ ಮೇಲೆ, ಸರ್ ಸಿ. ವಿ. ರಾಮನ್ ಅವರ ಆಹ್ವಾನದಂತೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದ್ದರು. ಆ ರಾಶಿಯಿಂದ ಮಾಡಿದ ಲೆಕ್ಕಗಳು ಇದುವರೆಗೆ ಒಂದೂ ತಪ್ಪಿಲ್ಲ. ಆದರೂ ಅದು ಲೋಕದಲ್ಲಿರುವ ವಸ್ತುವೋ, ಲೋಕದ ವಿಷಯದಲ್ಲಿ ನಮಗಿರುವ ತಿಳಿವಳಿಕೆಯ ಪಟ್ಟಿಯೋ ಎಂಬುದರಲ್ಲಿ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಹತ್ತು ಆಯಾಮಗಳ ತಂತುಸಿದ್ಧಾಂತದ ವಿಷಯವೂ ಹಾಗೆಯೇ. ಅದರ ಗಣಿತವು ಸುಂದರವೆಂದು ಬಲ್ಲವರು ಹೇಳುವರು. ಅದಕ್ಕೆಂದೇ ಮಾಡಿದ ಯಾವ ಪ್ರಯೋಗವೂ ಇದುವರೆಗೆ ಅದನ್ನು ಎತ್ತಿ ಹಿಡಿದಿಲ್ಲ. ಸ್ವಿಟ್ಸರ್ಲೆಂಡಿನ ಗಡಿಯಲ್ಲಿರುವ ಮಹಾಯಂತ್ರದಲ್ಲಿ, 1964ರಲ್ಲಿ ಊಹಿಸಿದ್ದ ಹಿಗ್ಸ್ ಕಣವು 2012ರಲ್ಲಿ ಸಿಕ್ಕಿತು. ಅದರೊಡನೆಯೇ ಸಿಕ್ಕೀತೆಂದು ಹಲವರು ಕಾದಿದ್ದ ಮತ್ತೊಂದು ಕಣಪರಿವಾರವು ಇನ್ನೂ ಸಿಕ್ಕಿಲ್ಲ. ಸೌಂದರ್ಯವು ಹುಡುಕುವವನಿಗೆ ದಾರಿ ತೋರೀತು, ಸಾಕ್ಷಿ ಹೇಳಲಾರದು. ಎಡಿಂಗ್ಟನ್ನರಿಗೆ ನಕ್ಷತ್ರದ ಕುಸಿತವು ಕುರೂಪವಾಗಿ ಕಂಡದ್ದನ್ನು ಮರೆಯಬಾರದು.

ನನಗೆ ಕೊಟ್ಟಿರುವ ಕಾಲ ಮುಗಿಯುತ್ತ ಬಂದಿತು. ಆ ಹುಡುಗನು ಈಗ ಯಾವ ಊರಿನಲ್ಲಿ ಯಾರ ಪುಸ್ತಕಗಳನ್ನು ತನಿಖೆ ಮಾಡುತ್ತಿರುವನೋ ತಿಳಿಯದು. ಅಕಸ್ಮಾತ್ತಾಗಿ ಕೇಳುತ್ತಿದ್ದರೆ ಅವನಿಗೆ ಹೇಳುವುದಿಷ್ಟು: ಅಪ್ಪಾ, ನೀನು ಕೇಳಿದ್ದು ವೇದಾಂತವಾಗಿರಲಿಲ್ಲ, ನಮ್ಮ ಶಾಸ್ತ್ರದ ನಡುಮನೆಯ ಪ್ರಶ್ನೆಯೇ ಆಗಿತ್ತು. ಪೆಟ್ಟಿಗೆಯನ್ನು ತೆರೆದು ನೋಡಿದರು. ಕ್ಷಿತಿಜದ ವರೆಗಿನ ಹಣವು ಪುಸ್ತಕದಲ್ಲಿ ಬರೆದಷ್ಟೇ ಇದೆ. ಹಾಗಾದರೆ ಕ್ಷಿತಿಜದ ಒಳಗೆ, ನಟ್ಟನಡುವೆ, ಏನಿದೆ ಸಾರ್, ಎಂದು ನೀನು ಮತ್ತೆ ಎದ್ದು ನಿಲ್ಲುವೆ. ಅಲ್ಲಿಯೂ ಸಮೀಕರಣವು ಮುರಿಯುವುದು. ಯಾವ ರೇಖೆಗಳನ್ನು ಎಳೆದರೂ ಆ ಮುರುಕು ಹೋಗದು. ಕುಸಿತದ ಕೊನೆಗೆ ಇಂತಹುದು ಬಂದೇ ತೀರುವುದೆಂದು 1965ರಲ್ಲಿ ರೋಜರ್ ಪೆನ್‌ರೋಸ್ ಸಾಧಿಸಿರುವರು. ಅಲ್ಲಿ ಸಾಂದ್ರತೆಯು ಅನಂತವೆಂದು ಲೆಕ್ಕ ಹೇಳುವುದು. ನಾನು ಅದನ್ನು ನಂಬುವುದಿಲ್ಲ. ಅದರ ಜಾಗದಲ್ಲಿ ಬರೆಯಲು ಬೇರೊಂದು ಲೆಕ್ಕ ನನ್ನಲ್ಲಿಲ್ಲ. ಇನ್ನೂ ಯಾರಲ್ಲಿಯೂ ಇಲ್ಲ.